ಸಮ್ಮೋಹನ ಚಿಕಿತ್ಸೆಯೂ ಲೋಕಾಭಿಪ್ರಾಯವೂ

ಮೈಸೂರು ನಗರದ ವಾಯವ್ಯ ದಿಕ್ಕಿನಲ್ಲಿ, ಕನ್ನಂಬಾಡಿಗೆ ಹೋಗುವ ಮಾರ್ಗದ ಮಗ್ಗುಲಲ್ಲಿರುವ ಮೇಟಗಳ್ಳಿಯು ಒಂದು ಕಾಲಕ್ಕೆ ಹೊಲಗದ್ದೆಗಳ ನಡುವಣ ಹಳ್ಳಿ. ಈಗ ಅದು ನಗರದೊಳಗಣ ಬಡಾವಣೆ. ಹಳೆಯ ಬೀದಿಗಳ ಸುತ್ತ ಟೈರಿನ ಕಾರ್ಖಾನೆ, ನೋಟು ಮುದ್ರಣಾಲಯ ಮೊದಲಾದುವು ಎದ್ದಿವೆ. ಅದೇ ಮಾರ್ಗದಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಕ್ಷಯರೋಗದ ಆಸ್ಪತ್ರೆಯೂ ಹೃದ್ರೋಗದ ದೊಡ್ಡ ಆಸ್ಪತ್ರೆಯೂ ಉಂಟು. ಇಂತಹ ಊರಿನ ಜನರು ವೈದ್ಯಶಾಸ್ತ್ರಕ್ಕೆ ಅಪರಿಚಿತರಲ್ಲ. ಮನೆಯವರಿಗೆ ಶಸ್ತ್ರಚಿಕಿತ್ಸೆಯಾಗಬೇಕಾದರೆ, ರೋಗಿಗೆ ಪೂರ್ಣವಾಗಿ ಪ್ರಜ್ಞೆ ತಪ್ಪಿಸಲು ಒಪ್ಪಿಗೆಯೆಂದು ಕಾಗದದ ಮೇಲೆ ರುಜು ಹಾಕಿಕೊಡುತ್ತಾರೆ. ಆದರೆ ಅದೇ ಮನೆಯಲ್ಲಿ, ಬಹುಕಾಲದಿಂದ ಹೊಟ್ಟೆನೋವಿನಲ್ಲಿ ನರಳುವ ಸೊಸೆಗೋ ಹಲ್ಲು ಕೀಳಿಸಿಕೊಳ್ಳಲು ನಡುಗುವ ಮಗನಿಗೋ ವೈದ್ಯರು ಸಮ್ಮೋಹನ ಚಿಕಿತ್ಸೆಯ ಮಾತೆತ್ತಿದರೆ, ಹಿರಿಯರ ಮುಖ ಬಾಡುತ್ತದೆ. “ಮಂಕುಬೂದಿ ಎರಚುವ ವಿದ್ಯೆ ನಮಗೇಕೆ?” ಎಂಬ ಮಾತು ಬರುತ್ತದೆ. ಪ್ರಜ್ಞೆಯು ನಿಜವಾಗಿ ಹೋಗುವ ಕಡೆ ಅಂಜಿಕೆಯಿಲ್ಲ. ಪ್ರಜ್ಞೆಯು ಹೋಗದಿರುವ ಕಡೆಯೇ ಅಂಜಿಕೆ. ಈ ವೈಪರೀತ್ಯಕ್ಕೆ ಕಾರಣವೇನೆಂಬುದನ್ನು ಚರಿತ್ರೆಯಿಂದ ತಿಳಿಯಬಹುದಾಗಿದೆ.

ಮೊದಲನೆಯ ಕಾರಣವು ಹೆಸರಿನಲ್ಲಿಯೇ ಅಡಗಿದೆ. ಪಾಶ್ಚಾತ್ಯರ ಹಿಪ್ನಾಟಿಸಂ ಎಂಬ ಶಬ್ದಕ್ಕೆ ದೇಶಭಾಷೆಗಳಲ್ಲಿ ಸಮಾನಪದವನ್ನು ಹುಡುಕಿದವರು ‘ವಶೀಕರಣ’, ‘ಸಮ್ಮೋಹನ’ ಎಂಬ ಹಳೆಯ ಪದಗಳನ್ನೇ ತಂದು ಜೋಡಿಸಿದರು. ತಂತ್ರಗ್ರಂಥಗಳು ಹೇಳುವ ಷಟ್ಕರ್ಮಗಳಲ್ಲಿ ವಶೀಕರಣವೂ ಒಂದು. ಸ್ತಂಭನ, ವಿದ್ವೇಷಣ, ಉಚ್ಚಾಟನ, ಮಾರಣಗಳು ಅದರ ಒಡಹುಟ್ಟುಗಳು. ಸಮ್ಮೋಹನವಾದರೋ ಯುದ್ಧದ ಅಸ್ತ್ರ. ವಿರಾಟಪರ್ವದ ಉತ್ತರಗೋಗ್ರಹಣದಲ್ಲಿ ಅರ್ಜುನನು ಅದನ್ನು ಪ್ರಯೋಗಿಸಿ ಕೌರವಸೇನೆಯನ್ನು ಮೈಮರೆಯಿಸಿದುದೂ, ಬೃಹನ್ನಳೆಯ ಶಿಷ್ಯೆಯ ಗೊಂಬೆಗಳಿಗಾಗಿ ಉತ್ತರಕುಮಾರನು ರಥಿಕರ ಬಣ್ಣಬಣ್ಣದ ವಸ್ತ್ರಗಳನ್ನು ಬಿಚ್ಚಿಕೊಂಡುದೂ ಕನ್ನಡನಾಡಿನ ಮಕ್ಕಳೂ ಬಲ್ಲ ಕಥೆ. ಹೀಗೆ ಎರಡು ಪದಗಳಲ್ಲಿಯೂ ಮಾಡುವವನೊಬ್ಬನು, ಸೋಲುವವನೊಬ್ಬನು ಎಂಬ ಅರ್ಥವು ಬೇರೂರಿದೆ. ಇಂತಹ ಹೆಸರನ್ನು ಹೊತ್ತು ಬಂದ ಚಿಕಿತ್ಸೆಯನ್ನು ಜನರು ಅಸ್ತ್ರವೆಂದೇ ಬಗೆದರೆ ಆಶ್ಚರ್ಯವಿಲ್ಲ.

ಒಬ್ಬನ ಸಂಕಲ್ಪವು ಇನ್ನೊಬ್ಬನ ಅಂಗಾಂಗಗಳನ್ನು ಕಟ್ಟಬಲ್ಲುದೆಂಬ ಭಾವನೆಯೂ ನಮ್ಮಲ್ಲಿ ಪುರಾತನವಾದುದೇ. ಅನುಶಾಸನಪರ್ವದ ವಿಪುಲೋಪಾಖ್ಯಾನದಲ್ಲಿ, ದೇವಶರ್ಮನೆಂಬ ಋಷಿಯು ಪರಸ್ಥಳಕ್ಕೆ ಹೋಗುವಾಗ ಪತ್ನಿಯಾದ ರುಚಿಯನ್ನು ಇಂದ್ರನಿಂದ ಕಾಪಾಡುವಂತೆ ಶಿಷ್ಯನಾದ ವಿಪುಲನಿಗೆ ಒಪ್ಪಿಸುತ್ತಾನೆ. ವಿಪುಲನು ಆಕೆಯ ದೃಷ್ಟಿಯಲ್ಲಿ ದೃಷ್ಟಿಯನ್ನಿಟ್ಟು ಯೋಗಬಲದಿಂದ ಆಕೆಯ ಶರೀರವನ್ನು ಪ್ರವೇಶಿಸುತ್ತಾನೆ. ಇಂದ್ರನು ಬಂದಾಗ ಆಕೆಯು ಏಳಬೇಕೆಂದರೂ ಏಳಲಾರಳು. ಇಲ್ಲಿ ಉದ್ದೇಶವು ರಕ್ಷಣೆಯಾದರೂ ರಕ್ಷಿತಳ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲವೆಂಬುದನ್ನು ಗಮನಿಸಬೇಕು. ಆ ಪ್ರಶ್ನೆಯೇ ಮುಂದೆ ಈ ವಿದ್ಯೆಯ ಚರಿತ್ರೆಯುದ್ದಕ್ಕೂ ಮತ್ತೆ ಮತ್ತೆ ತಲೆಯೆತ್ತುತ್ತದೆ.

ಯೂರೋಪಿನಲ್ಲಿ ಈ ಚರಿತ್ರೆಯು ಆರಂಭವಾದುದು ಫ್ರಾನ್ಸ್ ಆಂಟನ್ ಮೆಸ್ಮರ್ ಎಂಬ ವೈದ್ಯನಿಂದ. ಲೋಕವನ್ನೆಲ್ಲ ವ್ಯಾಪಿಸಿದ ಒಂದು ಸೂಕ್ಷ್ಮದ್ರವವುಂಟೆಂದೂ, ಅಯಸ್ಕಾಂತದಂತಹ ಆ ಶಕ್ತಿಯನ್ನು ತಾನು ಕೈಗಳಿಂದ ರೋಗಿಯೊಳಗೆ ಹರಿಸಬಲ್ಲೆನೆಂದೂ ಅವನು ಸಾರಿದನು. ೧೭೭೮ರಲ್ಲಿ ವಿಯೆನ್ನಾದಿಂದ ಪ್ಯಾರಿಸ್ಸಿಗೆ ಬಂದ ಅವನ ಮನೆಯ ಮುಂದೆ ಶ್ರೀಮಂತರ ಗಾಡಿಗಳು ಸಾಲುಗಟ್ಟಿದುವು. ೧೭೮೪ರಲ್ಲಿ ಫ್ರಾನ್ಸಿನ ದೊರೆಯು ನೇಮಿಸಿದ ವಿಚಾರಣಾ ಮಂಡಲಿಯಲ್ಲಿ ಬೆಂಜಮಿನ್ ಫ್ರಾಂಕ್ಲಿನ್, ರಸಾಯನಶಾಸ್ತ್ರಜ್ಞನಾದ ಲವಾಸಿಯೆ, ಜ್ಯೋತಿರ್ವಿದನಾದ ಬೈಯಿ ಮುಂತಾದವರಿದ್ದರು. ದ್ರವವೆಂಬುದಿಲ್ಲ, ಫಲಗಳೆಲ್ಲ ಕಲ್ಪನೆಯಿಂದ ಉಂಟಾದುವೆಂದು ಅವರು ತೀರ್ಮಾನಿಸಿದರು. ತೀರ್ಮಾನವೇನೋ ಸರಿಯೇ. ಆದರೆ ಕಲ್ಪನೆಯು ಅಷ್ಟು ಕೆಲಸವನ್ನು ಮಾಡಬಲ್ಲುದಾದರೆ ಅದನ್ನೇ ಏಕೆ ಪರೀಕ್ಷಿಸಬಾರದೆಂದು ಆಗ ಹೆಚ್ಚು ಮಂದಿ ಕೇಳಲಿಲ್ಲ. ಆ ಮಂಡಲಿಯು ದೊರೆಗೆ ಗುಟ್ಟಾಗಿ ಇನ್ನೊಂದು ವರದಿಯನ್ನೂ ಒಪ್ಪಿಸಿತು. ಪುರುಷ ಚಿಕಿತ್ಸಕನ ಮುಂದೆ ಸ್ತ್ರೀರೋಗಿಯ ಮಾನಕ್ಕೆ ಬರಬಹುದಾದ ಅಪಾಯವು ಅದರ ವಿಷಯ. ಲೋಕದ ಶಂಕೆಯೆಲ್ಲವೂ ಮೌಢ್ಯವಲ್ಲವೆಂಬುದಕ್ಕೆ ಇದೊಂದು ಹಳೆಯ ಸಾಕ್ಷಿ.

ಶಕ್ತಿಯು ಚಿಕಿತ್ಸಕನಲ್ಲಿ ಇಲ್ಲ, ರೋಗಿಯಲ್ಲಿಯೇ ಇದೆಯೆಂದು ಮೊಟ್ಟಮೊದಲು ದೃಢವಾಗಿ ಹೇಳಿದವರಲ್ಲಿ ಮುಖ್ಯನಾದವನು ನಮ್ಮ ನೆರೆಯವನು. ಆತನು ೧೭೫೬ರಲ್ಲಿ ಗೋವೆಯ ಕಾಂದೋಳಿ ಗ್ರಾಮದಲ್ಲಿ ಹುಟ್ಟಿದ ಜೋಸ್ ಕಸ್ಟೋಡಿಯೊ ದ ಫಾರಿಯಾ ಎಂಬ ಪಾದ್ರಿ. ವಂಶದ ಮೂಲವು ಕ್ರೈಸ್ತಮತವನ್ನು ಸ್ವೀಕರಿಸಿದ ಸಾರಸ್ವತ ಮನೆತನವೆಂದು ಹೇಳುತ್ತಾರೆ. ೧೭೭೧ರಲ್ಲಿ ತಂದೆಯೊಡನೆ ಹಡಗು ಹತ್ತಿ ಲಿಸ್ಬನ್ನಿಗೂ, ಅಲ್ಲಿಂದ ವಿದ್ಯಾಭ್ಯಾಸಕ್ಕಾಗಿ ರೋಮಿಗೂ ಹೋದನು. ಕೊಂಕಣಿ ಜನರಲ್ಲಿ ಆತನ ವಿಷಯವಾಗಿ ಒಂದು ಐತಿಹ್ಯವು ಪ್ರಚಲಿತವಾಗಿದೆ. ಪೋರ್ಚುಗಲ್ಲಿನ ರಾಣಿಯ ಸನ್ನಿಧಿಯಲ್ಲಿ ಉಪದೇಶ ಮಾಡಲು ನಿಂತ ತರುಣ ಪಾದ್ರಿಗೆ ಸಭೆಯನ್ನು ಕಂಡು ನಾಲಗೆ ಕಟ್ಟಿಹೋಯಿತಂತೆ. ಬಳಿಯಲ್ಲಿದ್ದ ತಂದೆಯು ಮನೆಮಾತಿನಲ್ಲಿ ಮೆಲ್ಲಗೆ, ಎದುರಿರುವವರೆಲ್ಲ ಬರಿಯ ಸೊಪ್ಪುತರಕಾರಿ, ಹೆಚ್ಚಿಹಾಕು ಎಂದನಂತೆ. ಮಗನ ಭಯವು ಆ ಕ್ಷಣವೇ ಹಾರಿಹೋಗಿ ಮಾತು ನಿರರ್ಗಳವಾಗಿ ಹೊರಟಿತು. ಒಂದು ಮಾತು ತನ್ನ ಅಂಜಿಕೆಯನ್ನು ಹೇಗೆ ಕಳೆಯಿತೆಂದು ಫಾರಿಯಾ ಜೀವಮಾನವೆಲ್ಲ ಯೋಚಿಸಿದನೆಂದು ಐತಿಹ್ಯವನ್ನು ಮುಂದುವರಿಸುವವರುಂಟು. ಕಥೆಯ ಸತ್ಯಾಸತ್ಯವು ಹೇಗಾದರೂ ಇರಲಿ, ಆತನ ಸಿದ್ಧಾಂತಕ್ಕೆ ಅದಕ್ಕಿಂತ ಒಳ್ಳೆಯ ದೃಷ್ಟಾಂತವಿಲ್ಲ.

೧೮೧೩ರಲ್ಲಿ ಫಾರಿಯಾ ಪ್ಯಾರಿಸ್ಸಿನಲ್ಲಿ ಬಹಿರಂಗ ಉಪನ್ಯಾಸಗಳನ್ನು ಆರಂಭಿಸಿದನು. ಅಲ್ಲಿ ಅಯಸ್ಕಾಂತವಿರಲಿಲ್ಲ, ಮೈ ನೀವುವ ವಿಧಿಯೂ ಮುಖ್ಯವಾಗಿರಲಿಲ್ಲ. ಬಂದವರನ್ನು ಸುಖವಾಗಿ ಕುರ್ಚಿಯಲ್ಲಿ ಕೂರಿಸಿ, ಕಣ್ಣು ಮುಚ್ಚಿ ಮನಸ್ಸನ್ನು ನಿದ್ರೆಯಲ್ಲಿ ನಿಲ್ಲಿಸುವಂತೆ ಹೇಳಿ, ಸ್ವಲ್ಪ ಹೊತ್ತಿನ ಮೇಲೆ ‘ನಿದ್ರಿಸಿ’ ಎಂದು ಅಪ್ಪಣೆಯಿಡುತ್ತಿದ್ದನು. ಕೆಲವರಿಗೆ ಫಲಿಸುತ್ತಿತ್ತು, ಹಲವರಿಗೆ ಫಲಿಸುತ್ತಿರಲಿಲ್ಲ. ವ್ಯತ್ಯಾಸವು ಕುಳಿತವರ ಪ್ರಕೃತಿಯಲ್ಲಿದೆಯೇ ಹೊರತು ಹೇಳುವವನ ಬಲದಲ್ಲಿಲ್ಲವೆಂದು ಆತನು ವಾದಿಸಿದನು. ಲೋಕವು ಕೊಟ್ಟ ಪ್ರತಿಫಲವು ಪರಿಹಾಸ್ಯ. ೧೮೧೬ರಲ್ಲಿ ಆತನನ್ನು ಗೇಲಿಮಾಡುವ ಪ್ರಹಸನವೊಂದು ಪ್ಯಾರಿಸ್ಸಿನ ರಂಗವನ್ನೇರಿತು. ಇತ್ತ ಧರ್ಮಾಧಿಕಾರಿಗಳು ಅದನ್ನು ಪಿಶಾಚವಿದ್ಯೆಯೆಂದು ಶಂಕಿಸಿದರು. ೧೮೧೯ರಲ್ಲಿ, ತನ್ನ ಗ್ರಂಥದ ಮೊದಲ ಸಂಪುಟವು ಅಚ್ಚಾದ ವರ್ಷವೇ, ಫಾರಿಯಾ ಬಡತನದಲ್ಲಿ ತೀರಿಕೊಂಡನು. ಮುಂದೆ ಅಲೆಗ್ಸಾಂಡರ್ ಡ್ಯೂಮಾ ತನ್ನ ಪ್ರಸಿದ್ಧ ಕಾದಂಬರಿಯಲ್ಲಿ ಸೆರೆಮನೆಯ ವೃದ್ಧ ಪಾದ್ರಿಗೆ ಈ ಹೆಸರನ್ನಿಟ್ಟುದರಿಂದ ಹೆಸರೇನೋ ಉಳಿಯಿತು, ಸಿದ್ಧಾಂತವು ಮರೆಯಾಯಿತು.

ಪಣಜಿಯಲ್ಲಿ, ಮಾಂಡವಿಯ ದಡದ ಹಳೆಯ ಆದಿಲಶಾಹಿ ಅರಮನೆಯ ಪಕ್ಕದಲ್ಲಿ, ೧೯೪೫ರಲ್ಲಿ ಸ್ಥಾಪಿತವಾದ ಫಾರಿಯಾನ ಕಂಚಿನ ಪ್ರತಿಮೆಯಿದೆ. ಶಿಲ್ಪಿಯು ಗೋವೆಯವರೇ ಆದ ರಾಮಚಂದ್ರ ಪಾಂಡುರಂಗ ಕಾಮತರು. ನಿಲುವಂಗಿಯ ಪಾದ್ರಿಯು ಎರಡು ಕೈಗಳನ್ನೂ ಚಾಚಿ ಬಾಗಿ ನಿಂತಿದ್ದಾನೆ, ಕೆಳಗೆ ಹೆಂಗಸೊಬ್ಬಳು ಒರಗಿ ಬೀಳುತ್ತಿದ್ದಾಳೆ. ಶಿಲ್ಪವು ಶಕ್ತಿಯುತವಾದುದು, ನೋಡಿದವರು ಮರೆಯಲಾರರು. ಆದರೆ ಶಕ್ತಿಯು ಮಾಡುವವನ ಕೈಯಲ್ಲಿಲ್ಲವೆಂದು ಸಾಧಿಸಲು ಹೊರಟವನನ್ನು ಲೋಕವು ನೆನೆದುದು ಕೈಯಿಂದ ಶಕ್ತಿಯನ್ನು ಚೆಲ್ಲುವವನ ರೂಪದಲ್ಲಿ! ಜನಾಭಿಪ್ರಾಯವು ಕಂಚಿಗಿಂತಲೂ ಗಟ್ಟಿಯಾದುದೆಂಬುದು ಇದರಿಂದ ತಿಳಿಯಬರುತ್ತದೆ.

ಭರತಖಂಡದಲ್ಲಿ ಈ ವಿದ್ಯೆಯು ಆಸ್ಪತ್ರೆಯನ್ನು ಪ್ರವೇಶಿಸಿದುದು ೧೮೪೫ರಲ್ಲಿ. ಬಂಗಾಳದ ಹೂಗ್ಲಿಯಲ್ಲಿ ಕಂಪೆನಿಯ ವೈದ್ಯನಾಗಿದ್ದ ಸ್ಕಾಟ್ಲೆಂಡಿನ ಜೇಮ್ಸ್ ಎಸ್ಡೇಲನು ಮೆಸ್ಮರನ ವಿದ್ಯೆಯನ್ನು ಓದಿ ತಿಳಿದಿದ್ದನೇ ಹೊರತು ಕಣ್ಣಾರೆ ಕಂಡಿರಲಿಲ್ಲ. ಆ ವರ್ಷದ ಏಪ್ರಿಲ್ ೪ನೆಯ ತಾರೀಖು, ಅಂಡವೃದ್ಧಿಗಾಗಿ ಶಸ್ತ್ರಪ್ರಯೋಗಕ್ಕೆ ಒಳಗಾಗಿ ನೋವಿನಿಂದ ಹೊರಳುತ್ತಿದ್ದ ಸೆರೆಯಾಳೊಬ್ಬನ ಮೇಲೆ ಅದನ್ನು ಪರೀಕ್ಷಿಸಿದನು. ಬಹಳ ಹೊತ್ತು ಕೈಯಾಡಿಸಿದ ಮೇಲೆ ರೋಗಿಯು ಸೂಜಿಯಿಂದ ಚುಚ್ಚಿದರೂ ಅರಿಯದ ಸ್ಥಿತಿಗೆ ಹೋದನು. ಮುಂದಿನ ಎಂಟು ತಿಂಗಳಲ್ಲಿ ೭೩ ಶಸ್ತ್ರಕ್ರಿಯೆಗಳನ್ನು ನೋವಿಲ್ಲದೆ ಮಾಡಿದುದಾಗಿ ಎಸ್ಡೇಲನು ೧೮೪೬ರ ತನ್ನ ಗ್ರಂಥದಲ್ಲಿ ಪಟ್ಟಿಯನ್ನು ಕೊಟ್ಟಿದ್ದಾನೆ. ಆನೆಕಾಲು ರೋಗದಂತಹ ವ್ಯಾಧಿಯಿಂದ ಬೆಳೆದ ಭಾರಿ ಗಡ್ಡೆಗಳನ್ನು ಕತ್ತರಿಸುವುದು ಅವುಗಳಲ್ಲಿ ಪ್ರಮುಖವಾದುದು. ಮತ್ತು ಬರಿಸುವ ಈಥರು ಇನ್ನೂ ಬಳಕೆಗೆ ಬಾರದಿದ್ದ ಕಾಲ ಅದು. ರೋಗಿಯನ್ನು ನಾಲ್ಕಾರು ಮಂದಿ ಹಿಡಿದುಕೊಂಡು ಕೊಯ್ಯುವುದೇ ಆಗಿನ ಪದ್ಧತಿ.

ಹೂಗ್ಲಿಯ ವೃತ್ತಾಂತದಲ್ಲಿ ಬಹುಮಂದಿ ಗಮನಿಸದಿರುವ ಅಂಶವೊಂದುಂಟು. ಗಂಟೆಗಟ್ಟಲೆ ಕೈಯಾಡಿಸುವ ಶ್ರಮದಿಂದ ಬಳಲಿದ ಎಸ್ಡೇಲನು ಬೇಗನೆ ಆ ಕೆಲಸವನ್ನು ಬಿಟ್ಟು, ಆಸ್ಪತ್ರೆಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವ, ಔಷಧ ಕೊಡುವ ಹಿಂದೂ ಮುಸಲ್ಮಾನ ತರುಣರಿಗೆ ಅದನ್ನು ಕಲಿಸಿದನು. ಕತ್ತಲೆಗೋಣೆಯಲ್ಲಿ ರೋಗಿಯ ತಲೆಯ ಬಳಿ ಕುಳಿತು ತಾಳ್ಮೆಯಿಂದ ನಿದ್ರೆಯನ್ನು ಬರಿಸುತ್ತಿದ್ದವರು ಅವರೇ. ಫಲವು ದೊಡ್ಡ ಡಾಕ್ಟರನ ದೃಷ್ಟಿಯಿಂದ ಬರುತ್ತಿದ್ದರೆ ಸಾಮಾನ್ಯ ಸಹಾಯಕರ ಕೈಯಲ್ಲಿ ಅದು ಬರಬಾರದಾಗಿತ್ತು. ಆದರೆ ಬಂದಿತು. ಫಾರಿಯಾನು ಬಾಯಲ್ಲಿ ಹೇಳಿದುದನ್ನು ಹೂಗ್ಲಿಯ ತರುಣರು ಅರಿಯದೆಯೇ ಕೈಯಲ್ಲಿ ತೋರಿಸಿದರು.

ರೋಗಿಗಳ ಬಾಯಲ್ಲಿ ಮಾತ್ರ ಅದಕ್ಕೆ ‘ವಿಲಾಯತಿ ಮಂತ್ರ’ ಎಂಬ ಹೆಸರು ಬಿದ್ದಿತು. ದೇಶೀಯ ಮಾಂತ್ರಿಕರು ನೀವಿ ಊದಿ ನೋವಿಳಿಸುವ ಕ್ರಮಕ್ಕೂ ತನ್ನ ಕ್ರಮಕ್ಕೂ ಹೋಲಿಕೆಯುಂಟೆಂದು ಎಸ್ಡೇಲನೇ ಒಪ್ಪಿದ್ದಾನೆ. ಮೈಸೂರು ಸೀಮೆಯ ಹಳ್ಳಿಗಳಲ್ಲಿ ಚೇಳು ಕಡಿದವನಿಗೆ ಬೇವಿನ ಸೊಪ್ಪಿನಿಂದ ಮೇಲಿನಿಂದ ಕೆಳಕ್ಕೆ ನಿವಾಳಿಸಿ ವಿಷವನ್ನು ‘ಇಳಿಸುವ’ ಪದ್ಧತಿಯನ್ನು ಕಂಡವರಿಗೆ ಈ ಹೋಲಿಕೆಯು ವಿವರಣೆಯಿಲ್ಲದೆ ಅರ್ಥವಾಗುತ್ತದೆ. ನೋವನ್ನು ಮಾತು ತಗ್ಗಿಸಬಹುದು, ವಿಷವನ್ನು ತಗ್ಗಿಸಲಾರದು ಎಂಬ ವಿವೇಕವಷ್ಟೇ ಎರಡನ್ನೂ ಬೇರ್ಪಡಿಸತಕ್ಕದ್ದು.

ಭಯವೂ ಜೊತೆಯಲ್ಲಿಯೇ ಬಂದಿತು. ಅದೇ ೧೮೪೫ರಲ್ಲಿ, ಕ್ಷೌರಿಕನೊಬ್ಬನು ಹುಡುಗನೊಬ್ಬನನ್ನು ಮರುಳುಗೊಳಿಸಿ ಹಿಂದೆ ಕರೆದೊಯ್ದನೆಂಬ ಮೊಕದ್ದಮೆಯು ಹೂಗ್ಲಿಯ ನ್ಯಾಯಾಲಯಕ್ಕೆ ಬಂದಿತು. ಹಾಗಾಗುವುದು ಸಾಧ್ಯವೇ ಎಂದು ನ್ಯಾಯಾಧೀಶರು ಎಸ್ಡೇಲನನ್ನು ಕೇಳಲು, ಆತನು ಹಿಂದೆ ತನ್ನಿಂದ ನಿದ್ರಿತರಾಗಿದ್ದ ಕೆಲವರನ್ನು ನ್ಯಾಯಾಲಯಕ್ಕೆ ಕರೆಯಿಸಿ ಅಲ್ಲಿಯೇ ಆ ಅವಸ್ಥೆಗೆ ತಂದು ತೋರಿಸಿದನು. ಒಂದೇ ಊರಿನಲ್ಲಿ, ಒಂದೇ ವರ್ಷದಲ್ಲಿ, ಒಂದೇ ವಿದ್ಯೆಯು ಆಸ್ಪತ್ರೆಯಲ್ಲಿ ವರವೂ ನ್ಯಾಯಾಲಯದಲ್ಲಿ ಅಪರಾಧವೂ ಆಗಿ ಕಾಣಿಸಿತು. ಮಂಕುಬೂದಿಯ ಭಯವು ಕನ್ನಡನಾಡಿಗೆ ಮಾತ್ರ ಸೇರಿದುದಲ್ಲ.

ಸರ್ಕಾರವು ನೇಮಿಸಿದ ಸಮಿತಿಯು ಪರಿಶೀಲಿಸಿದ ಬಳಿಕ, ೧೮೪೬ರ ಕೊನೆಯಲ್ಲಿ ಕಲ್ಕತ್ತೆಯಲ್ಲಿ ಎಸ್ಡೇಲನ ವಶಕ್ಕೆ ಪ್ರತ್ಯೇಕವಾದ ಚಿಕ್ಕ ಆಸ್ಪತ್ರೆಯೊಂದನ್ನು ಒಂದು ವರ್ಷದ ಮಟ್ಟಿಗೆ ಕೊಟ್ಟಿತು. ಅವಧಿಯು ಮುಗಿದಾಗ ಅದನ್ನು ಉಳಿಸಬೇಕೆಂದು ಕಲ್ಕತ್ತೆಯ ನಾಗರಿಕರು ಅರ್ಜಿ ಬರೆದುಕೊಂಡರು, ಚಂದಾ ಕೂಡಿಸಿದರು. ವಿರೋಧಿಗಳಾದ ವೈದ್ಯರ ವಾದವು ಬೇರೆ. ದೇಶೀಯರು ದೊರೆಗಳನ್ನು ಮೆಚ್ಚಿಸಲು ನೋವನ್ನು ನುಂಗಿಕೊಂಡು ನಟಿಸುತ್ತಾರೆ ಎಂಬುದು ಅವರ ಆಕ್ಷೇಪ. ಹೊಟ್ಟೆಯ ಕೆಳಗಿನ ಹಲವು ಸೇರು ತೂಕದ ಗಡ್ಡೆಯನ್ನು ಕೊಯ್ಯುವಾಗ ಮೆಚ್ಚಿಸಲಿಕ್ಕಾಗಿ ಸುಮ್ಮನಿರಬಲ್ಲವನು ಯಾವ ಜಾತಿಯ ಮನುಷ್ಯನೆಂದು ಅವರು ವಿಚಾರಿಸಿದಂತೆ ಕಾಣುವುದಿಲ್ಲ. ಅಷ್ಟರಲ್ಲಿ ೧೮೪೬ರ ಅಕ್ಟೋಬರಿನಲ್ಲಿ ಅಮೆರಿಕೆಯ ಬಾಸ್ಟನ್ನಿನಲ್ಲಿ ಈಥರೂ, ೧೮೪೭ರಲ್ಲಿ ಎಡಿನ್‌ಬರೊದಲ್ಲಿ ಕ್ಲೋರೋಫಾರಮ್ಮೂ ಪ್ರಯೋಗಕ್ಕೆ ಬಂದುವು. ಗಂಟೆಗಟ್ಟಲೆ ಕಾಯದೆ, ಎಲ್ಲರಿಗೂ ಒಂದೇ ಸಮನಾಗಿ ಫಲಿಸುವ ಔಷಧವು ದೊರೆತ ಮೇಲೆ ಶಸ್ತ್ರವೈದ್ಯರು ಅತ್ತ ತಿರುಗಿದುದು ನ್ಯಾಯವೇ. ೧೮೫೧ರಲ್ಲಿ ಎಸ್ಡೇಲನು ಹಿಂದೂದೇಶವನ್ನು ಬಿಟ್ಟನು.

ಈ ನಡುವೆ ಮ್ಯಾಂಚೆಸ್ಟರಿನ ಜೇಮ್ಸ್ ಬ್ರೇಡನು, ೧೮೪೧ರಲ್ಲಿ ಪ್ರದರ್ಶಕನೊಬ್ಬನ ಆಟವನ್ನು ಕಂಡು, ಹೊಳೆಯುವ ವಸ್ತುವೊಂದನ್ನು ದಿಟ್ಟಿಸಿದ ಮಾತ್ರದಿಂದ ಅದೇ ಅವಸ್ಥೆಯು ಬರುವುದೆಂದು ತೋರಿಸಿದನು. ೧೮೪೩ರ ತನ್ನ ಗ್ರಂಥದಲ್ಲಿ ಗ್ರೀಕರ ನಿದ್ರಾದೇವತೆಯಾದ ಹಿಪ್ನೋಸನ ಹೆಸರಿನಿಂದ ಅದಕ್ಕೆ ನಾಮಕರಣ ಮಾಡಿದವನು ಅವನೇ. ಕೆಲವು ವರ್ಷಗಳಲ್ಲಿ ತಪ್ಪು ಅರಿವಾಯಿತು: ಅದು ನಿದ್ರೆಯಲ್ಲ, ಮನಸ್ಸು ಒಂದೇ ಭಾವನೆಯಲ್ಲಿ ನೆಲೆನಿಲ್ಲುವುದು. ‘ಏಕಭಾವನೆ’ ಎಂಬ ಅರ್ಥ ಬರುವ ಹೊಸ ಹೆಸರನ್ನು ಸೂಚಿಸಿದನು. ಲೋಕವು ಕೇಳಲಿಲ್ಲ. ನಾಮಕರಣ ಮಾಡಿದವನಿಗೇ ಹೆಸರನ್ನು ಬದಲಿಸಲಾಗಲಿಲ್ಲ. ಪತಂಜಲಿಯನ್ನು ಬಲ್ಲವರಿಗೆ ಈ ಭೇದವು ಸುಲಭ. ಯೋಗಶಾಸ್ತ್ರದಲ್ಲಿ ನಿದ್ರೆಯು ಚಿತ್ತದ ಐದು ವೃತ್ತಿಗಳಲ್ಲಿ ಒಂದು. ಧಾರಣೆ ಧ್ಯಾನಗಳು ಚಿತ್ತವನ್ನು ಒಂದೆಡೆ ಕಟ್ಟಿ ಏಕತಾನವಾಗಿಸುವ ಅಂಗಗಳು. ಬ್ರೇಡನ ಅವಸ್ಥೆಯು ಮೊದಲನೆಯದನ್ನು ಹೋಲದೆ ಎರಡನೆಯವನ್ನು ಹೋಲುತ್ತದೆ. ಹಾಗೆಂದು ಎರಡೂ ಒಂದೇ ಎನ್ನಲಾಗದು. ಯೋಗಿಯು ದೀರ್ಘಾಭ್ಯಾಸದಿಂದ ಕೈವಲ್ಯಕ್ಕಾಗಿ ಮಾಡುವುದನ್ನು ಇಲ್ಲಿ ರೋಗಿಯು ಇನ್ನೊಬ್ಬರ ಮಾತಿನ ನೆರವಿನಿಂದ, ಅರ್ಧಗಂಟೆಯ ಮಟ್ಟಿಗೆ, ನೋವಿನ ಶಮನಕ್ಕಾಗಿ ಮಾಡುತ್ತಾನೆ.

ಫ್ರಾನ್ಸಿನಲ್ಲಿ ಶಾರ್ಕೋ ಎಂಬ ಪ್ರಖ್ಯಾತ ವೈದ್ಯನು ಇದು ಉನ್ಮಾದಪ್ರಕೃತಿಯವರ ಲಕ್ಷಣವೆಂದನು. ನಾನ್ಸಿ ಪಟ್ಟಣದ ಬೆರ್ನ್‌ಹೈಮನು ಇದು ಸೂಚನೆಯ ಫಲ, ಆರೋಗ್ಯವಂತರಲ್ಲಿಯೂ ಉಂಟೆಂದನು. ಕಡೆಗೆ ನಿಂತುದು ನಾನ್ಸಿಯವರ ಪಕ್ಷ. ಸಿಗ್ಮಂಡ್ ಫ್ರಾಯ್ಡನು ಇಬ್ಬರ ಬಳಿಯೂ ಹೋಗಿ ಕಲಿತು, ಕೆಲಕಾಲ ಬಳಸಿ, ಕೈಬಿಟ್ಟನು. ಕಲ್ಕತ್ತೆಯಲ್ಲಿ ೧೯೨೨ರಲ್ಲಿ ಮನೋವಿಶ್ಲೇಷಣ ಸಂಘವನ್ನು ಸ್ಥಾಪಿಸಿದ ಗಿರೀಂದ್ರಶೇಖರ ಬಸುಗಳೂ ಯೌವನದಲ್ಲಿ ಈ ವಿದ್ಯೆಯಲ್ಲಿ ಕೈಯಾಡಿಸಿದವರೇ. ಬ್ರಿಟಿಷ್ ವೈದ್ಯಸಂಘವು ೧೮೯೨ರಲ್ಲಿಯೂ ಪುನಃ ೧೯೫೫ರಲ್ಲಿಯೂ ಸಮಿತಿಗಳ ಮೂಲಕ ಇದನ್ನು ಚಿಕಿತ್ಸೆಗೆ ಯೋಗ್ಯವೆಂದು ಅಂಗೀಕರಿಸಿತು. ೧೯೫೮ರಲ್ಲಿ ಅಮೆರಿಕೆಯ ವೈದ್ಯಸಂಘವೂ ಅಂಗೀಕರಿಸಿತು.

ಮನಸ್ಸನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಬಹುದೆಂಬ ಭಾವನೆಯು ಮೈಸೂರಿಗೆ ಬೇಗನೆ ಬಂದಿತು. ೧೯೨೪ರಲ್ಲಿ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ವಿಭಾಗವನ್ನು ಆರಂಭಿಸಿದವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಶಿಷ್ಯರಾಗಿದ್ದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು. ಮೇಟಗಳ್ಳಿಗೆ ಹೋಗುವ ದಾರಿಯ ಕಡೆಯ ಒಂಟಿಕೊಪ್ಪಲಿನ ತಮ್ಮ ‘ವಿಠ್ಠಲ ವಿಹಾರ’ದಿಂದ ೧೯೩೫ರಲ್ಲಿ ಆಕಾಶವಾಣಿಯನ್ನು ನುಡಿಸಿದವರೂ ಇವರೇ. ಕಾಣದ ಕಂಠವೊಂದು ಪೆಟ್ಟಿಗೆಯೊಳಗಿಂದ ಮಾತನಾಡಿದಾಗ ಅದು ಮಾಟವಲ್ಲವೆಂದು ಊರು ಕಾಲಕ್ರಮದಲ್ಲಿ ತಿಳಿಯಿತು. ಬೆಂಗಳೂರಿನಲ್ಲಿ ‘ಹುಚ್ಚಾಸ್ಪತ್ರೆ’ ಎಂದು ಜನರು ಅಂಜುತ್ತಿದ್ದ ಸಂಸ್ಥೆಯು ೧೯೨೫ರಲ್ಲಿ ಮಾನಸಿಕ ಚಿಕಿತ್ಸಾಲಯವೆಂಬ ಹೆಸರನ್ನು ಪಡೆದು, ೧೯೫೪ರಲ್ಲಿ ಅಖಿಲ ಭಾರತ ಸಂಸ್ಥೆಯ ಆಶ್ರಯವಾಗಿ, ೧೯೭೪ರಲ್ಲಿ ನಿಮ್ಹಾನ್ಸ್ ಆಯಿತು. ಅಂಜುತ್ತಿದ್ದ ಕುಟುಂಬಗಳೇ ಈಗ ಅಲ್ಲಿ ಸರದಿಯಲ್ಲಿ ನಿಲ್ಲುತ್ತವೆ. ಆದುದರಿಂದ ಜನಾಭಿಪ್ರಾಯವು ಬದಲಾಗದ ವಸ್ತುವೇನಲ್ಲ.

ಹೀಗಿರಲು ಸಮ್ಮೋಹನದ ವಿಷಯದಲ್ಲಿ ಮಾತ್ರ ಅದು ಬದಲಾಗದೆ ಉಳಿದುದೇಕೆ? ಜನರು ಇದನ್ನು ಆಸ್ಪತ್ರೆಯಲ್ಲಿ ಕಾಣಲಿಲ್ಲ, ರಂಗದ ಮೇಲೆ ಕಂಡರು. ಜಾದೂಗಾರನು ಸಭಿಕರನ್ನು ಮಲಗಿಸಿ, ಈರುಳ್ಳಿಯನ್ನು ಸೇಬೆಂದು ತಿನ್ನಿಸಿ, ಕೋಳಿಯಂತೆ ಕೂಗಿಸಿ ಚಪ್ಪಾಳೆ ಗಿಟ್ಟಿಸುವುದನ್ನು ನೋಡಿದ ಗೃಹಸ್ಥನು ತನ್ನ ಸೊಸೆಗೆ ಅಂತಹ ಅವಸ್ಥೆಯನ್ನು ಬಯಸುವನೇ? ಆಟಗಾರನು ಮೊದಲೇ ಸಣ್ಣ ಪರೀಕ್ಷೆಗಳಿಂದ ಸುಲಭವಾಗಿ ಸೂಚನೆಗೆ ಒಲಿಯುವವರನ್ನು ಆರಿಸಿಕೊಂಡಿರುತ್ತಾನೆಂಬುದೂ, ರಂಗವೇರಿದವರು ಆಟಕ್ಕೆ ಒಪ್ಪಿಯೇ ಏರಿದವರೆಂಬುದೂ ಸಭಿಕರಿಗೆ ತಿಳಿಯುವುದಿಲ್ಲ.

ಚಿಕಿತ್ಸೆಯ ಕೋಣೆಯಲ್ಲಿ ನಡೆಯುವುದು ಬೇರೆ. ರೋಗಿಯು ಕುರ್ಚಿಯಲ್ಲಿ ಒರಗಿ, ಉಸಿರನ್ನೋ ಒಂದು ಚಿತ್ರವನ್ನೋ ಗಮನಿಸುತ್ತಾನೆ. ವೈದ್ಯರ ಮಾತು ಕೇಳುತ್ತಿರುತ್ತದೆ. ಒಪ್ಪದಿದ್ದರೆ ಕಣ್ಣು ತೆರೆದು ಎದ್ದುಬರಬಹುದು. ಎಲ್ಲರಿಗೂ ಸಮನಾಗಿ ಫಲಿಸುವುದಿಲ್ಲ. ಈ ತಾರತಮ್ಯವನ್ನು ಅಳೆಯಲು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ೧೯೫೯ರಲ್ಲಿ ಮಾನಗಳೇ ರಚಿತವಾದುವು. ೧೯೮೪ರಲ್ಲಿ, ಬ್ರೇಡನ ಊರಾದ ಮ್ಯಾಂಚೆಸ್ಟರಿನಲ್ಲಿಯೇ, ಹುಣ್ಣಿಲ್ಲದೆಯೂ ಹೊಟ್ಟೆ ನುಲಿದು ಭೇದಿ ಮಲಬದ್ಧತೆಗಳಿಂದ ಬಾಧಿಸುವ ಕರುಳುವ್ಯಾಧಿಯ ೩೦ ರೋಗಿಗಳಲ್ಲಿ ಇದನ್ನು ಪರೀಕ್ಷಿಸಿ ಒಳ್ಳೆಯ ಫಲವನ್ನು ಕಂಡರು. ಔಷಧದಿಂದ ಒಂದು ವರ್ಷವಾದರೂ ಗುಣವಾಗದ ಅಂತಹ ರೋಗಿಗಳಿಗೆ ಇದನ್ನು ಪರಿಶೀಲಿಸಬಹುದೆಂದು ೨೦೦೮ರಲ್ಲಿ ಇಂಗ್ಲೆಂಡಿನ ಚಿಕಿತ್ಸಾ ಮಾರ್ಗಸೂಚಿಯು ಹೇಳಿತು. ೧೯೯೭ರಲ್ಲಿ ಮಾಂಟ್ರಿಯಲ್ಲಿನ ಸಂಶೋಧಕರು, ಬಿಸಿನೀರಿನಲ್ಲಿ ಕೈಯಿಟ್ಟವರಿಗೆ ಸೂಚನೆಯನ್ನು ಕೊಟ್ಟಾಗ ನೋವಿನ ಸಂಕಟವನ್ನು ಗ್ರಹಿಸುವ ಮಿದುಳಿನ ಭಾಗದಲ್ಲಿ ವ್ಯತ್ಯಾಸವಾಗುವುದನ್ನು ಚಿತ್ರದಲ್ಲಿ ಕಂಡರು. ನಟನೆಯೆಂಬ ಹಳೆಯ ಆಕ್ಷೇಪಕ್ಕೆ ಹೂಗ್ಲಿಯ ರೋಗಿಗಳ ಪರವಾಗಿ ಒಂದೂವರೆ ಶತಮಾನದ ಮೇಲೆ ಬಂದ ಉತ್ತರವಿದು. ಇದರ ಮಿತಿಗಳನ್ನೂ ಮರೆಮಾಚಬಾರದು. ಧೂಮಪಾನವನ್ನು ಬಿಡಿಸುವುದರಲ್ಲಿ ಇದರ ಫಲವು ನಿಶ್ಚಿತವಾಗಿ ಸಿದ್ಧಪಟ್ಟಿಲ್ಲ. ಭ್ರಾಂತಿಯುಳ್ಳ ತೀವ್ರ ಮನೋರೋಗಿಗಳಿಗೆ ಇದು ಹಿತವಲ್ಲ. ಮರೆತ ಸಂಗತಿಗಳನ್ನು ಹೊರತೆಗೆಯಲು ಹೊರಟರೆ ನಡೆಯದುದೂ ನಡೆದಂತೆ ನೆನಪಿನಲ್ಲಿ ಸೇರಿಕೊಳ್ಳಬಹುದು. ಪೂರ್ವಜನ್ಮವನ್ನು ತೋರಿಸುವೆವೆಂಬ ಜಾಹೀರಾತುಗಳ ಆಧಾರವು ಈ ದೌರ್ಬಲ್ಯವೇ.

ಒಪ್ಪಿಗೆಯ ಪ್ರಶ್ನೆಯನ್ನು ಕಾನೂನೂ ಈಗ ಕೈಗೆತ್ತಿಕೊಂಡಿದೆ. ಮಂತ್ರ ತಾಯಿತಗಳಿಂದ ರೋಗಹರಣವೆಂಬ ಜಾಹೀರಾತುಗಳನ್ನು ೧೯೫೪ರ ಕಾಯಿದೆಯು ನಿಷೇಧಿಸಿತು. ೨೦೦೩ರಲ್ಲಿ ಕೇಂದ್ರದ ಆರೋಗ್ಯ ಇಲಾಖೆಯು ಸಮ್ಮೋಹನವನ್ನು ಒಂದು ಚಿಕಿತ್ಸಾಕ್ರಮವೆಂದು ಎಣಿಸಿ, ನೋಂದಾಯಿತ ವೈದ್ಯರೂ ಯೋಗ್ಯ ಶಿಕ್ಷಣ ಪಡೆದವರೂ ಮಾಡಬಹುದೆಂದಿತು. ಸೆಲ್ವಿ ಎಂಬವರು ಕರ್ನಾಟಕ ರಾಜ್ಯದ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೧೦ರ ಮೇ ೫ರಂದು ಕೊಟ್ಟ ತೀರ್ಪು ಔಷಧ ಚುಚ್ಚಿ ಮಾತಾಡಿಸುವ ಪರೀಕ್ಷೆಗೆ ಸಂಬಂಧಿಸಿದುದಾದರೂ, ಅದರ ತತ್ತ್ವವು ಇಲ್ಲಿಗೂ ದಾರಿದೀಪ: ಒಬ್ಬರ ಒಪ್ಪಿಗೆಯಿಲ್ಲದೆ ಅವರ ಮನಸ್ಸಿನೊಳಕ್ಕೆ ಯಾರೂ ಪ್ರವೇಶಿಸಕೂಡದು. ವಿಪುಲನ ಕಥೆಯಲ್ಲಿ ಕೇಳದೆ ಉಳಿದ ಪ್ರಶ್ನೆಯನ್ನು ಕಾನೂನು ಕೇಳಿತು.

ಮೇಟಗಳ್ಳಿಯ ಗೃಹಸ್ಥನ ಸಂಶಯವು ಪೂರ್ಣವಾಗಿ ತಪ್ಪಲ್ಲ, ಅದರ ಗುರಿ ಮಾತ್ರ ತಪ್ಪಿದೆ. ಅವನು ಶಂಕಿಸಬೇಕಾದುದು ವಿದ್ಯೆಯನ್ನಲ್ಲ, ವಿದ್ಯೆಯನ್ನು ಹೇಳಿಕೊಂಡು ಬರುವವನನ್ನು. ಅವನು ವೈದ್ಯನೋ ಶಿಕ್ಷಣ ಪಡೆದ ಮನಶ್ಶಾಸ್ತ್ರಜ್ಞನೋ? ರೋಗವೇನೆಂಬುದು ಮೊದಲು ಪರೀಕ್ಷಿತವಾಗಿದೆಯೋ? ರೋಗಿಯು, ವಿಶೇಷವಾಗಿ ಮನೆಯ ಹೆಣ್ಣುಮಗ

ಳು, ತಾನಾಗಿ ಒಪ್ಪಿದ್ದಾಳೆಯೋ, ಬೇಕಾದರೆ ತನ್ನವರೊಬ್ಬರನ್ನು ಬಳಿಯಲ್ಲಿ ಕೂರಿಸಿಕೊಳ್ಳಬಹುದೋ? ಈ ಪ್ರಶ್ನೆಗಳಿಗೆ ನೇರವಾದ ಉತ್ತರವು ದೊರೆತರೆ ಅಂಜಲು ಕಾರಣವಿಲ್ಲ. ದೊರೆಯದಿದ್ದರೆ ಎದ್ದುಬರುವುದೇ ಲೇಸು. ಇಷ್ಟನ್ನೂ ವಿಚಾರಿಸದೆ, ಹೆಸರನ್ನು ಕೇಳಿದ ಮಾತ್ರಕ್ಕೆ ಬೇಡವೆಂದರೆ, ನಷ್ಟವಾಗುವುದು ವೈದ್ಯರಿಗಲ್ಲ. ಒಳಕೋಣೆಯಲ್ಲಿ ಹೊಟ್ಟೆ ಹಿಡಿದುಕೊಂಡು ಮಲಗಿರುವ ಸೊಸೆಗೆ.